ಹಸಿ ಹೆಂಚು

ಸೋಮವಾರ ಇನ್ನೂರು. ಮಂಗಳವಾರ ನೂರೆಂಬತ್ತು.
ಸ್ಲೈಡಿನಲ್ಲಿ ಬಿಳಿರಕ್ತಕಣ ಹುಡುಕುವುದೆಂದರೆ
ಬಂದ್ ದಿನ ಹಂಪನಕಟ್ಟೆಯಲ್ಲಿ ರಿಕ್ಷಾ ಹುಡುಕಿದ ಹಾಗೆ.

ಕಾರ್ಮಿನ್ ಬಾಯಿಗೆ ಸಂಜೆಗೊಂದು ಸೂಜಿ, ಹೊಕ್ಕುಳ ಪಕ್ಕ.
ಮದ್ದು ಫ್ರಿಜ್ಜಿನಲ್ಲಿದೆ; ಬಂಗುಡೆಯ ಡಬ್ಬಿ ಈ ವಾರ
ಪಕ್ಕದ ಮನೆಯಲ್ಲಿ.
"ಕಿಮೋ ಕೊಂದದ್ದು ಸಾಕು. ಇದು ಮಜ್ಜೆಗೆ ಹೋಗಿ ಕೂಗುತ್ತದೆ,
ಏಳಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ಬೇಗ ಬಲಿಯಿರಿ ಅಂತ,"
ಜೆಪ್ಪುವಿನ ಆ ಜಗಲಿಯಲ್ಲಿ ರಕ್ತ ತೆಗೆಯುತ್ತ ನಾನೆಂದೆ.
"ಸೈರನ್ ಅನ್ನು ಮಾರಾಯ್ತಿ," ಎಂದಳು,
ನದಿಬದಿಯ ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಹಸಿ ಹೆಂಚಿನ ಅಂಚು ಸವರಿದವಳು.

ರಾತ್ರಿ ಸೊಂಟದ ಎಲುಬು ಕುಟ್ಟುತ್ತದಂತೆ.
"ಒಳಗೆ ಡಬಲ್ ಪಾಳಿ," ಹಲ್ಲು ಕಚ್ಚಿ ನಗುತ್ತಾಳೆ.
"ಯಾರಿಗೂ ಓವರ್‌ಟೈಮ್ ಇಲ್ಲ."

ಗುರುವಾರ ಸ್ಲೈಡು ತುಂಬ ಜನ.
ಆದರೆ ಅರ್ಧಕ್ಕರ್ಧ ಎಳಸು: ಕೋಶದ ನಡುವಿನ ನೇರಳೆ
ಇನ್ನೂ ಹೋಳಾಗಿಲ್ಲ, ಲಾಳದ ಹಾಗೆ ಬಗ್ಗಿದೆಯಷ್ಟೆ.
ಬಲಿಯುವ ಮೊದಲೇ ಹೊರಟು ಬಂದವು.

ಮರುದಿನ ಹೇಳಿದೆ. ಹತ್ತಿ ಒತ್ತಿಕೊಂಡು ಸುಮ್ಮನಿದ್ದಳು.
"ಹಸಿ ಹೆಂಚು ಗೇಟು ದಾಟಿದರೆ ಮೇಸ್ತ್ರಿ
ಅರ್ಧ ದಿನದ ಸಂಬಳ ಹಿಡೀತಿದ್ದ.
ಒಂದು ಸಲ ಮಾತ್ರ, ಗಾಳಿಗೆ ಶಾಲೆಯ ಮಾಡು ಹಾರಿತ್ತು,
ಭಟ್ಟಿ ಆರುವವರೆಗೂ ಕಾಯದೆ ಅರೆಬೆಂದದ್ದನ್ನೇ
ಲಾರಿಗೆ ಹೇರಿ ಅವನೇ ಕಳಿಸಿದ."
"ತಡೆಯಿತಾ?"
"ಸೋರಿತು. ಮಕ್ಕಳು ಮೂಲೆಗೆ ಸರಿದು ಕೂತವು.
ಪಾಠ ನಿಲ್ಲಲಿಲ್ಲ."

ಲ್ಯಾಬಿನಲ್ಲಿ ಕೌಂಟರಿನ ಗುಂಡಿ ಒತ್ತುತ್ತ ಹೋದೆ.
ಬಲಿತದ್ದಕ್ಕೊಂದು ಟಿಕ್, ಲಾಳಕ್ಕೂ ಒಂದು ಟಿಕ್.
ನಿಯಮವೇ ಹಾಗೆ, ಎರಡನ್ನೂ ಕೂಡಿಸಬೇಕು.
ಸಾವಿರದ ನೂರ ಹತ್ತು.
ಫೋನು ಮಾಡಿದರೆ ಮೊಮ್ಮಗಳು ಎತ್ತಿದಳು:
"ಹಾಗಾದ್ರೆ ಮೀನು ವಾಪಸ್ ತರಬಹುದಾ?"