ಎಂಟು ಚುಕ್ಕೆ

ತೊಟ್ಟಂ ಕಡಲ ಗಾಳಿಗೆ
ತೆಂಗಿನ ತಲೆಯ ತಂತಿ ಹಸಿರುಗಟ್ಟಿದೆ.
ಲಿಗೋರಿ ಮಾಮ್ ಕಣ್ಣುಮುಚ್ಚಿ ಸದ್ದು ಜಾಲಿಸುತ್ತಾರೆ:
"ಗೆರೆ ಸ್ವಲ್ಪ ಎಳೆಯುತ್ತಾನೆ. ಚಿಲಿಯ ಮುದುಕ.
ಇವತ್ತು ಶೀತ ಅವನಿಗೆ."

ನನ್ನ ಪರದೆಗೆ ಶೀತ ಗೊತ್ತಿಲ್ಲ.
ಯಾರು, ಎಲ್ಲಿ, ಯಾವ ಫ್ರೀಕ್ವೆನ್ಸಿ,
ಬಂಗುಡೆ ಬುಟ್ಟಿ ಮಗುಚಿದ ಹಾಗೆ;
ನಾನು ಒತ್ತುತ್ತೇನೆ, ಒತ್ತುತ್ತೇನೆ.
ಬೆಳಗಾಗುವಾಗ ನನಗೆ ಒಂಬೈನೂರ ಹನ್ನೆರಡು,
ಅವರಿಗೆ ಎಂಬತ್ತೇಳು.

"ಮೋಸ ಅಲ್ಲ ಮಾರಾಯ್ತಿ, ನಿಯಮದಲ್ಲೇ ಉಂಟು.
ಎಲೆಕ್ಟ್ರಾನಿಕ್ ಕೀ ತಂದಾಗ ನಾನೂ ಬೈಸಿಕೊಂಡವನೇ."
ತಣಿದ ಚಹಾವನ್ನೇ ಊದಿದರು.
"ಆದರೆ, ಒಬ್ಬನಾದರೂ ನೆನಪುಂಟಾ?"

ನಾನು ಪಟ್ಟಿ ಮೇಲೆ ಕೆಳಗೆ ಜಾರಿಸಿದೆ.

ಹೆಡ್‌ಫೋನಿನ ಒಂದು ಕಿವಿ ನನ್ನ ಕಡೆ ತಿರುಗಿಸಿದರು.
ಅಷ್ಟು ದೂರದಲ್ಲಿ ಯಾರೋ ತಪ್ಪು ಹೊಡೆದು,
ಎಂಟು ಚುಕ್ಕೆ ಒತ್ತಿ ಅಳಿಸಿ,
ಮತ್ತೆ ತನ್ನ ಹೆಸರಿನಿಂದ
ಸುರು ಮಾಡಿದ.