ಸರದಿ

ಶಾಲೆಯಲ್ಲಿ ನೀನು ನನಗೂ ಮಿಸೆಸ್ ಬೊಡ್ನಾರ್.
ಒಮ್ಮೆ ಬಾಯಿತಪ್ಪಿ ಅಮ್ಮಾ ಎಂದಾಗ
ಇಡೀ ತರಗತಿ ನಕ್ಕಿತು, ನೀನು ನಗಲಿಲ್ಲ.
ಸಂಜೆ ಹಿಮದಲ್ಲಿ ಮನೆಗೆ ನಡೆವಾಗ
ರೈಲುಹಳಿ ದಾಟಿದ ಮೇಲಷ್ಟೇ ನನ್ನ ಕೈ ಹಿಡಿದೆ.

ಸಾಸ್ಕಾಚೆವನ್ನಿನ ಆ ಬಯಲು: ಗೋಧಿಯ ಕಣಜವೊಂದು ಬಿಟ್ಟರೆ
ಕಣ್ಣಿಗೆ ತಡೆಯೇ ಇಲ್ಲ. ಶಾಯಿ ಕುಡಿಕೆಯಲ್ಲೇ ಹೆಪ್ಪುಗಟ್ಟುತ್ತಿತ್ತು.
ಒಲೆ ಹೊತ್ತಿಸಲು ದಿನಕ್ಕೊಬ್ಬರ ಸರದಿ, ಗೋಡೆಯ ಮೇಲೆ ಪಟ್ಟಿ;
ಆದರೂ ಎಲ್ಲರಿಗಿಂತ ಮುಂಚೆ ಹೋಗಿ
ಸೌದೆ ಒಣಗಿದೆಯೇ ಎಂದು ಮುಟ್ಟಿ ನೋಡುವವಳು ನೀನು.

ನನ್ನ ನೀಲಿ ಸ್ವೆಟರು ವರ್ಷವರ್ಷ ಗಿಡ್ಡವಾಯಿತು;
ಬಿಚ್ಚಿದ ನೂಲು ಒರೆಸ್ಟನ ಕೈಗವಸಾಯಿತು.
ಅಕ್ಷರ ತಲೆಗೆ ಹತ್ತದ ಅವನ ಬೆಂಚಿನ ಬಳಿಯೇ
ನೀನು ಹೆಚ್ಚು ಹೊತ್ತು ನಿಲ್ಲುತ್ತಿದ್ದೆ.
ಇಡೀ ಚಳಿಗಾಲ ಅವನನ್ನು ದ್ವೇಷಿಸಿದೆ ನಾನು.

ಊರು ಬಿಟ್ಟ ಮೇಲೆ ಬರೆದ ಪತ್ರಗಳೆಲ್ಲ
ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಬಂದವು,
ಅಂಚಿನಲ್ಲಿ: 'ಚೆನ್ನಾಗಿ ಉಣ್ಣು. ಅಲ್ಪವಿರಾಮ ಮರೆಯಬೇಡ.'
ಕೊನೆಯದರಲ್ಲಿ ಬೇಕೆಂದೇ ಮೂರು ತಪ್ಪು ಮಾಡಿದ್ದೆ.
ಹಾಗೇ ಬಂತು, ಗೆರೆಯೊಂದೂ ಇಲ್ಲದೆ.
ಆ ರಾತ್ರಿಯೇ ರೈಲು ಹತ್ತಿದೆ.

ಜನವರಿ. ನೆಲವೆಲ್ಲ ಕಬ್ಬಿಣ. ಗುದ್ದಲಿ ಕಿಡಿ ಕಾರಿತು.
ಕಲ್ಲಿದ್ದಲು ಸುರಿದು ಎರಡು ದಿನ ಉರಿಸಿದರೆ
ಮಣ್ಣು ಮೆದುವಾದೀತು ಎಂದರು.
ಬೆಳಗಿನ ಐದಕ್ಕೆ ನಾನು ಹೋದಾಗ
ಬೆಂಕಿಯ ಪಕ್ಕ ಒರೆಸ್ಟ್, ನರೆತ ಮೀಸೆಯ ತುಂಬ ಹಿಮ.
'ಇವತ್ತು ನನ್ನ ಸರದಿ' ಎಂದ,
ಬಗ್ಗಿ ಇನ್ನೊಂದು ಸಲಿಕೆ ಹಾಕಿದ.