ಮೂರರ ಮೇಲಿನ ಗುರುತು

ಕಸುಬು ಕೇಳಿದರೆ ಹೇಳುತ್ತೇನೆ: ಟೈಪ್‌ರೈಟರ್ ರಿಪೇರಿ.
ಕಾಸೆಲ್ ಊರು, ಫುಲ್ಡಾ ಹೊಳೆಯ ಸೇತುವೆಯಿಂದ ಮೂರನೇ ಅಂಗಡಿ.
ಯಜಮಾನ ವೆಂಡೆಲಿನ್ ಕ್ರಾಪ್.
ಹದಿಮೂರಕ್ಕೆ ಸೇರಿದೆ, ಎಣ್ಣೆ ಬಿಡುವುದಕ್ಕೆ.

ಆ ವರ್ಷ ಸೊನ್ನೆ ಸವೆಯಿತು.
ಬ್ಯಾಂಕಿನಿಂದ, ಗಿರಣಿಯಿಂದ, ಚರ್ಚಿನ ಕಚೇರಿಯಿಂದಲೂ
ಬಂದ ಯಂತ್ರಗಳಲ್ಲೆಲ್ಲ ಸೊನ್ನೆಯ ಅಚ್ಚು ಬೋಳು.
ಒಂದು ರೊಟ್ಟಿಯ ಬೆಲೆಗೆ ಹನ್ನೊಂದು ಸಲ ಒತ್ತಬೇಕು,
ಸಂಜೆಗೆ ಬೆಲೆ ಇನ್ನೂ ಉದ್ದ.
‘ಸೊನ್ನೆ ಮಾರಿ ಬದುಕಿದವನು ಊರಿಗೆ ನಾನೊಬ್ಬನೇ’ ಎಂದು ಕ್ರಾಪ್
ಸಂಬಳಕ್ಕೆ ಆಲೂಗಡ್ಡೆ ತೂಗಿ ಕೊಟ್ಟ.

ಆಮೇಲೆ ಕೆಲವು ವರ್ಷ ಎಲ್ಲ ಅಕ್ಷರಗಳೂ ಸಮನಾಗಿ ಸವೆದವು.
ಅದನ್ನೇ ಒಳ್ಳೆಯ ಕಾಲ ಅನ್ನುತ್ತಾರೆಂದು ಗೊತ್ತಿರಲಿಲ್ಲ.

ಮೂವತ್ತೊಂದು. ಕಾರ್ಖಾನೆಯ ಗೇಟಿಗೆ ಸರಪಳಿ.
ಸಾಲಿನಲ್ಲಿ ನನ್ನಪ್ಪ, ಇಸ್ತ್ರಿ ಮಾಡಿದ ಕಾಲರು,
ಕಿಸೆಯಲ್ಲಿ ನಾನೇ ಟೈಪು ಮಾಡಿಕೊಟ್ಟ ಅರ್ಜಿ:
ಸಾಧ್ಯವೇ? ಯಾವಾಗ? ಅರ್ಧ ದಿನದ್ದಾದರೂ?
ಉತ್ತರ ಬರಲಿಲ್ಲ, ಕರಪತ್ರ ಬಂತು.
ಅದರಲ್ಲಿ ಪ್ರಶ್ನೆಯೇ ಇಲ್ಲ.
ಯಾರಿಂದ ಹೀಗಾಯಿತೆಂಬುದಕ್ಕೆ ಒಂದೇ ಹೆಸರು,
ಅದೂ ಒಂದಿಡೀ ಜನದ್ದು.
ಅಪ್ಪ ಓದಿದ, ಮಡಚಿದ, ಮತ್ತೆ ಬಿಚ್ಚಿ ಓದಿದ.
ಹಸಿದವನಿಗೆ ಸಿಟ್ಟೂ ಒಂದು ಹೊತ್ತಿನ ಊಟ.
‘ನಾನು’ ಎನ್ನಲು ನಾಚುತ್ತಿದ್ದವನು
ಆ ಚಳಿಗಾಲ ‘ನಾವು’ ಅನ್ನತೊಡಗಿದ,
ನಮ್ಮ ರಕ್ತ ಅಂದ, ನಮ್ಮ ಮಣ್ಣು ಅಂದ
(ನಮಗೆ ಹೂಕುಂಡದಷ್ಟೂ ಮಣ್ಣಿರಲಿಲ್ಲ).
ಬೆನ್ನು ನೆಟ್ಟಗಾಯಿತು. ಅಮ್ಮನಿಗೆ ಸಂತೋಷವಾಯಿತು.
ಇದನ್ನೂ ಬರೆಯಬೇಕು.

ಮೂವತ್ಮೂರರ ವಸಂತದಲ್ಲಿ
ಉದ್ಗಾರ ಚಿಹ್ನೆಗಳು ಮುರಿದು ಮುರಿದು ಬಂದವು.
ಪ್ರಶ್ನಾರ್ಥಕಕ್ಕೆ ತುಕ್ಕು.

ಪಕ್ಷದ ಕಚೇರಿಯ ಯಂತ್ರ ಬಂದಾಗ ಕ್ರಾಪ್ ಊಟಕ್ಕೆ ಹೋಗಿದ್ದ.
ರಿಬ್ಬನ್ ಬಿಚ್ಚಿದೆ. ಒಂದೇ ಸಲ ಓಡಿದ ರಿಬ್ಬನ್ನು
ಕಿಟಕಿಗೆ ಹಿಡಿದರೆ ಓದಬಹುದು, ನಮ್ಮ ಕಸುಬಿನವರಿಗೆ ಗೊತ್ತು.
ಅಕ್ಷರದ ಬೆನ್ನಿಗೆ ಅಕ್ಷರ, ನಡುವೆ ಉಸಿರಿಲ್ಲ:
ಲೆವಿಸೋನ್‌ನೋಟರಿಮನೆಹದಿನಾಲ್ಕುಹಿರ್ಶ್‌ಹೋರ್ನ್‌ಔಷಧಿಅಂಗಡಿಮಕ್ಕಳುಇಬ್ಬರು
ಲೆವಿಸೋನ್ ನಮ್ಮ ಗಿರಾಕಿ.
ಅವರ ಯಂತ್ರ ಪಕ್ಕದ ಕಪಾಟಿನಲ್ಲೇ ಇತ್ತು,
ಹೆಸರಿನ ಚೀಟಿ ಕಟ್ಟಿಸಿಕೊಂಡು.
ಹೊಸ ರಿಬ್ಬನ್ ಹಾಕಿದೆ. ಎರಡು ಮಾರ್ಕ್ ಐವತ್ತು. ರಸೀದಿ ಕೊಟ್ಟೆ.

ಸಂಜೆ ಲೆವಿಸೋನ್ ಬಂದರು, ಟೋಪಿ ಎತ್ತಿದರು.
‘ಇನ್ನೊಂದು ವಾರ ಇಲ್ಲೇ ಇರಲಿ, ಮನೆಯಲ್ಲಿ ಸ್ವಲ್ಪ ಗಡಿಬಿಡಿ.’
ಆಗಲಿ ಎಂದೆ.
ಮಳೆ ಬರಬಹುದು ಎಂದೆ.

ಕೆಲವು ವರ್ಷಕ್ಕೆ ಒಂದು ಪೊಟ್ಟಣ, ಹೊಸ ಅಚ್ಚುಗಳು:
ಜೋಡಿ ಸಿಡಿಲಿನ ಗೆರೆ. ಮೂರರ ಮೇಲೆ ಕೂರಿಸಬೇಕು.
ಎರಡು ಅಕ್ಷರ ಒಂದೇ ಏಟಿಗೆ, ಸಮಯ ಉಳಿಯುತ್ತದೆ ಎಂದ ಗುಮಾಸ್ತ.
ಬೆಸುಗೆ ಹಾಕಿದ್ದು ನಾನೇ. ಕೂದಲೆಳೆ ವಾರೆಯಿಲ್ಲದೆ ಕೂತಿತು.
ಕೆಲಸ ಒಪ್ಪವಾದಾಗ ಬೆರಳಿಗಾಗುವ ಖುಷಿ
ಅವತ್ತೂ ಆಯಿತು.

ಊರು ಸುಟ್ಟಮೇಲೆ ಅಮೆರಿಕದವರ ಪ್ರಶ್ನಾವಳಿ,
ನೂರಮೂವತ್ತೊಂದು ಪ್ರಶ್ನೆ.
ಪಕ್ಷದ ಸದಸ್ಯನೇ? ಅಲ್ಲ. ಪದಾಧಿಕಾರಿಯೇ? ಅಲ್ಲ.
ಒತ್ತಿದ್ದೆಲ್ಲ ನಿಜ.
ಬೆಸುಗೆಯ ಬಗ್ಗೆ ಯಾರೂ ಕೇಳಲಿಲ್ಲ.

ಉಳಿದ ಯಂತ್ರಗಳನ್ನು ಮತ್ತೆ ನನ್ನ ಮೇಜಿಗೇ ತಂದಿಟ್ಟರು:
ಮೂರರ ಮೇಲಿನದನ್ನು ಉಜ್ಜಿ ತೆಗೆ.
ಅರ ಹಿಡಿದು ಉಜ್ಜಿದೆ. ಅಂಗೈಯಲ್ಲಿ ಬೂದು ಪುಡಿ,
ಮೂಗಿಗೆ ಹೋಗಿ ಸೀನು ಬಂತು.
ಈಗ ಒತ್ತಿದರೆ ಏನೂ ಮೂಡುವುದಿಲ್ಲ,
ಸದ್ದು ಮಾತ್ರ ಬೇರೆ.

ನೆಲಮಾಳಿಗೆಯಲ್ಲಿ ಲೆವಿಸೋನರ ಯಂತ್ರ ಸಿಕ್ಕಿತು,
ಚೀಟಿಯ ದಾರ ಇಲಿ ಕಡಿದಿತ್ತು.
ಎಣ್ಣೆ ಬಿಟ್ಟೆ. ಎಲ್ಲ ಅಕ್ಷರವೂ ಏಳುತ್ತವೆ.
ಲೆಕ್ಕದ ಪುಸ್ತಕದಲ್ಲಿ ಆ ಸಾಲು ಹಾಗೇ ಇದೆ:
ಲೆವಿಸೋನ್, ಒಂದು ಯಂತ್ರ, ಮೂರು ಮಾರ್ಕ್, ಬಾಕಿ.
ಯಾರು ಯಾರಿಗೆ ಬಾಕಿ ಎಂದು ಬರೆಯಲು
ಆ ಪುಸ್ತಕದಲ್ಲಿ ಕಾಲಂ ಇಲ್ಲ.